ಗಿಟಾರ್ ಆಂಪಿನ ಟ್ಯೂಬ್ ಸವೆದಾಗ: ತೆಗೆಯುವುದು ಯಾವುದು, ಹಾಕುವುದು ಯಾವುದು

ಆಂಪ್ಲಿಫೈಯರಿನ ಹೊಸ ಟ್ಯೂಬಿಗೆ, ಅಂದರೆ ಸದ್ದು ಹಿಗ್ಗಿಸುವ ಆ ಗಾಜಿನ ನಳಿಕೆಗೆ, ದುಡ್ಡು ಹೊಂದಿಸುವ ಮುಂಚೆ ಒಂದು ಮರದ ಪೆನ್ಸಿಲ್ ಹುಡುಕಿಟ್ಟುಕೊಳ್ಳಿ. ನಾನು ಮೊದಲ ಸಲ ಟ್ಯೂಬ್ ಬದಲಿಸಿದಾಗ ಕೈಯಲ್ಲಿ ಪೆನ್ಸಿಲೂ ಇರಲಿಲ್ಲ, ತಲೆಯಲ್ಲಿ ತಾಳ್ಮೆಯೂ ಇರಲಿಲ್ಲ. ಆಂಪಿನಿಂದ ಚರಚರ ಸದ್ದು ಬರುತ್ತಿತ್ತು. ಹಿಂಬದಿಯಿಂದ ಇಣುಕಿದರೆ ಎದ್ದು ಕಾಣುವುದು ಇಎಲ್34 ಎಂಬ ಎರಡು ದೊಡ್ಡ ಟ್ಯೂಬುಗಳು. ತಪ್ಪು ಅವುಗಳದ್ದೇ ಎಂದುಕೊಂಡು ಹೊಸ ಜೋಡಿ ತರಿಸಿ ಹಾಕಿದೆ. ಚರಚರ ಹಾಗೇ ಇತ್ತು. ಮೂರು ವಾರದ ಮೇಲೆ ಗೆಳೆಯನೊಬ್ಬ ಬಂದವನು ಇನ್‌ಪುಟ್ ಜಾಕಿನ ಪಕ್ಕದಲ್ಲಿದ್ದ, ಹೆಬ್ಬೆರಳಿನಷ್ಟೇ ಇರುವ ಪುಟ್ಟ ಟ್ಯೂಬನ್ನು ಪೆನ್ಸಿಲಿನ ತುದಿಯಿಂದ ತಟ್ಟಿದ. ಸ್ಪೀಕರಿನಲ್ಲಿ ಪಟಪಟನೆ ಸಿಡಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆ ನಾನು.

ಆದ್ದರಿಂದ ಇಲ್ಲಿ ಬ್ರಾಂಡುಗಳ ಮಾತು ಕೊನೆಯ ಹೊತ್ತಿಗೆ ಬರುತ್ತದೆ. ಮೊದಲು ಯಾವ ಸಾಕೆಟ್, ಆಮೇಲೆ ಯಾವ ಬಗೆಯ ಟ್ಯೂಬ್, ಆಮೇಲೆ ಬಯಾಸ್, ಅಂದರೆ ಸುಮ್ಮನಿರುವಾಗ ಪವರ್ ಟ್ಯೂಬಿನಲ್ಲಿ ಎಷ್ಟು ಕರೆಂಟ್ ಹರಿಯಬೇಕೆಂಬ ಹೊಂದಾಣಿಕೆ. ಈ ಮೂರೂ ತಿಳಿದ ಮೇಲೆ ಡಬ್ಬಿಯ ಮೇಲಿನ ಹೆಸರಿನಿಂದ ಆಗುವ ವ್ಯತ್ಯಾಸ ನಾವಂದುಕೊಂಡಷ್ಟು ದೊಡ್ಡದಲ್ಲ.

ಸವೆದದ್ದು ಯಾವುದು?

ಗಿಟಾರ್ ಆಂಪಿನಲ್ಲಿ ಟ್ಯೂಬ್‌ಗಳ ಮೂರು ಗುಂಪು. ಒಂಬತ್ತು ಪಿನ್ನಿನ ಪುಟ್ಟವು, ಗಿಟಾರಿನ ಸಣ್ಣ ಸಿಗ್ನಲನ್ನು ಮೊದಲು ಹಿಗ್ಗಿಸುವವು, ಪ್ರೀಆಂಪ್ ಟ್ಯೂಬ್‌ಗಳು, ಸಾಮಾನ್ಯವಾಗಿ 12ಎಎಕ್ಸ್7. ಸ್ಪೀಕರಿಗೆ ಶಕ್ತಿ ಕೊಡುವವು ಪವರ್ ಟ್ಯೂಬ್‌ಗಳು: 6ಎಲ್6, 6ವಿ6, ಇಎಲ್34, ಇಎಲ್84. ಕೆಲವು ಆಂಪ್‌ಗಳಲ್ಲಿ ಇದರ ಜೊತೆಗೆ ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್ ಟ್ಯೂಬ್ ಒಂದಿರುತ್ತದೆ.

ಪವರ್ ಟ್ಯೂಬ್ ಸವೆಯುವುದು ನಿಧಾನ, ಹಾಗಾಗಿ ಗೊತ್ತೇ ಆಗುವುದಿಲ್ಲ. ಕೆಳಸ್ವರಗಳು ಸಡಿಲವಾಗುತ್ತವೆ, ಮೇಲಿನ ಹೊಳಪು ಮಂಕಾಗುತ್ತದೆ, ಮೊದಲು ನಾಲ್ಕರಲ್ಲಿ ಸಿಗುತ್ತಿದ್ದ ಸದ್ದಿಗೆ ವಾಲ್ಯೂಮನ್ನು ಆರಕ್ಕೆ ತಿರುಗಿಸಬೇಕಾಗುತ್ತದೆ. ವಾರಕ್ಕೆರಡು ಕಾರ್ಯಕ್ರಮ ಜೋರಾಗಿ ನುಡಿಸುವವರ ಪವರ್ ಟ್ಯೂಬ್ ಒಂದೆರಡು ವರ್ಷ ಬಾಳಿದರೆ ಸಮಾಧಾನಪಡಬೇಕು. ಮನೆಯಲ್ಲಿ ಮೆಲ್ಲಗೆ ನುಡಿಸುವವರಿಗೆ ಅದೇ ಜೋಡಿ ಎಷ್ಟೋ ವರ್ಷ ಬರುತ್ತದೆ. ಪ್ರೀಆಂಪ್ ಟ್ಯೂಬ್‌ಗಳ ಆಯಸ್ಸೇ ಬೇರೆ. ಅವು ಸವೆದು ಸಾಯುವುದಕ್ಕಿಂತ ಕೆಟ್ಟು ಕೂಗುವುದೇ ಹೆಚ್ಚು. ಸುಯ್ ಎನ್ನುವ ಸದ್ದು, ಚರಚರ, ಕೆಲವು ಸ್ವರಗಳಿಗೆ ಮಾತ್ರ ಕಿಣಿಕಿಣಿ ಎಂದು ತಾನೂ ಹಾಡುವುದು, ಎಲ್ಲ ಈ ಪುಟ್ಟವುಗಳ ಕೆಲಸ.

ಪೆನ್ಸಿಲ್ ಬೇಕಾಗುವುದು ಇಲ್ಲಿ. ಗಿಟಾರ್ ಕಿತ್ತು, ವಾಲ್ಯೂಮನ್ನು ನೀವು ನುಡಿಸುವ ಮಟ್ಟಕ್ಕೆ ಇಟ್ಟು, ಪ್ರತಿ ಪುಟ್ಟ ಟ್ಯೂಬಿನ ನೆತ್ತಿಯನ್ನು ಪೆನ್ಸಿಲಿನ ರಬ್ಬರ್ ತುದಿಯಿಂದ ಮೆತ್ತಗೆ ತಟ್ಟಿ. ಮೊದಲ ಟ್ಯೂಬಿನಲ್ಲಿ ತುಸು ‘ಟಕ್’ ಕೇಳುವುದು ಸಹಜ, ಏಕೆಂದರೆ ಅದರ ಸದ್ದನ್ನು ಮುಂದಿನ ಎಲ್ಲ ಹಂತಗಳೂ ಹಿಗ್ಗಿಸುತ್ತವೆ. ಗಂಟೆಯಂತೆ ‘ಟಿಣ್’ ಎಂದು ಎಳೆದರೆ, ಸಿಡಿದರೆ, ಅಥವಾ ತಟ್ಟಿದಾಗ ಸದ್ದು ನಿಂತು ಮತ್ತೆ ಬಂದರೆ ಅದೇ ನಿಮ್ಮ ಕಳ್ಳ. ಖಚಿತ ಮಾಡಿಕೊಳ್ಳಲು ಚೆನ್ನಾಗಿರುವ ಒಂದು 12ಎಎಕ್ಸ್7 ಅನ್ನು ಆ ಜಾಗಕ್ಕೆ ಹಾಕಿ ನೋಡಿ. ಒಂದೇ ಒಂದು ಬಿಡಿ 12ಎಎಕ್ಸ್7 ಗಿಟಾರ್ ಚೀಲದಲ್ಲಿದ್ದರೆ ಅರ್ಧ ರೋಗನಿರ್ಣಯ ಮುಗಿದಂತೆ. ತಟ್ಟಿದಾಗ ಸಿಡಿಯುವುದಕ್ಕೆ ಕೊಳಕು ಸಾಕೆಟ್ ಕೂಡ ಕಾರಣವಾಗಬಹುದು. ಬದಲಿ ಟ್ಯೂಬ್ ಹಾಕಿಯೂ ಸಿಡಿದರೆ ಸಾಕೆಟ್ ನೋಡಿ.

ಪವರ್ ಟ್ಯೂಬಿನ ಮಾತಾದರೆ ಕಣ್ಣೂ ಬೇಕು. ದೀಪ ಆರಿಸಿ ಹಿಂದಿನಿಂದ ನೋಡಿ. ಒಳಗಿನ ಹೀಟರ್ ಕಿತ್ತಳೆ ಬಣ್ಣಕ್ಕೆ ಬೆಳಗುವುದು ಸರಿ. ಗಾಜಿನ ಒಳಮೈಗೆ ಅಂಟಿದಂತೆ ಕಾಣುವ, ನುಡಿಸಿದಾಗ ಅಲುಗುವ ನೀಲಿ ಬೆಳಕೂ ಸರಿ. ಅದನ್ನು ಕಂಡು ಗಾಬರಿಯಾಗಿ ಒಳ್ಳೆಯ ಟ್ಯೂಬನ್ನು ಕಸಕ್ಕೆ ಹಾಕಿದವರಿದ್ದಾರೆ. ಆದರೆ ಬೂದು ಬಣ್ಣದ ಪ್ಲೇಟೇ (ಗಾಜಿನೊಳಗಿನ ಲೋಹದ ಹೊದಿಕೆ) ಕಾದ ಕಬ್ಬಿಣದಂತೆ ಕೆಂಪಾದರೆ ತಕ್ಷಣ ಆಫ್ ಮಾಡಿ. ನೆತ್ತಿಯ ಬೆಳ್ಳಿ ಲೇಪ ಹಾಲಿನಂತೆ ಬಿಳಿಚಿಕೊಂಡಿದ್ದರೆ ಒಳಗೆ ಗಾಳಿ ಹೊಕ್ಕಿದೆ ಎಂದರ್ಥ. ಆ ಟ್ಯೂಬಿನ ಕಥೆ ಮುಗಿಯಿತು.

ಒಂದು ಪ್ಲೇಟ್ ಮಾತ್ರ ಕೆಂಪಾದರೆ, ಆರಿದ ಮೇಲೆ ಎರಡೂ ಟ್ಯೂಬ್‌ಗಳ ಜಾಗ ಅದಲುಬದಲು ಮಾಡಿ, ಕಣ್ಣು ಕೀಳದೆ ಕೆಲವು ಸೆಕೆಂಡ್ ನೋಡಿ. ಕೆಂಪು ಟ್ಯೂಬಿನ ಜೊತೆಗೇ ಹೋದರೆ ತಪ್ಪು ಟ್ಯೂಬಿನದು. ಕೆಂಪು ಅದೇ ಸಾಕೆಟ್ಟಿನಲ್ಲಿ ಉಳಿದರೆ ತಪ್ಪು ಸರ್ಕ್ಯೂಟಿನದು: ಬಯಾಸ್ ವೋಲ್ಟೇಜ್ ಅಲ್ಲಿಗೆ ತಲುಪುತ್ತಿಲ್ಲ, ಅಥವಾ ಹಿಂದಿನ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ. ಆಗ ಎಷ್ಟು ಒಳ್ಳೆಯ ಟ್ಯೂಬ್ ಹಾಕಿದರೂ ಸುಡುವುದೇ. ಗುಂಯ್ ಎನ್ನುವ ಹಮ್ಮಿಗೂ ಹಾಗೇ. ಹಳೆಯ ಆಂಪಿನಲ್ಲಿ ಅದು ಹೆಚ್ಚಾಗಿ ಒಣಗಿದ ಫಿಲ್ಟರ್ ಕೆಪಾಸಿಟರಿನ ಸದ್ದು.

ಕೈ ಹಾಕುವ ಮುಂಚೆ

ಟ್ಯೂಬ್ ಕೀಳುವುದಕ್ಕೆ ಚಾಸಿ, ಅಂದರೆ ಸರ್ಕ್ಯೂಟ್ ಇರುವ ಲೋಹದ ಪೆಟ್ಟಿಗೆ, ಬಿಚ್ಚಬೇಕಿಲ್ಲ. ಪ್ಲಗ್ ಕಿತ್ತು, ಅರ್ಧ ಗಂಟೆ ಆರಲು ಬಿಟ್ಟು, ಹಿಡಿಕೆಯ ಕ್ಲಿಪ್ ಸರಿಸಿ, ನೇರವಾಗಿ ಎಳೆಯಿರಿ. ಗೋಲವಾಗಿ ತಿರುಚಿದರೆ ಪುಟ್ಟ ಟ್ಯೂಬಿನ ಪಿನ್ ಬಾಗುತ್ತದೆ, ಸಾಕೆಟ್ಟೂ ಸಡಿಲವಾಗುತ್ತದೆ. ಚಾಸಿ ಬಿಚ್ಚುವ ಕೆಲಸ ಬೇರೆ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ 400 ವೋಲ್ಟಿನಷ್ಟು ಉಳಿದಿರಬಹುದು. ಅದನ್ನು ಇಳಿಸುವುದು, ಇಳಿದಿದೆಯೇ ಎಂದು ಮೀಟರಿನಲ್ಲಿ ನೋಡುವುದು ಗೊತ್ತಿಲ್ಲದಿದ್ದರೆ ಬಯಾಸಿನ ಕೆಲಸವನ್ನು ತಂತ್ರಜ್ಞರಿಗೆ ಬಿಡಿ. ಇದರಲ್ಲಿ ನಾಚಿಕೆಯೇನಿಲ್ಲ. ಸ್ಪೀಕರ್ ಸಿಕ್ಕಿಸದೆ ಟ್ಯೂಬ್ ಆಂಪ್ ಓಡಿಸಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋದರೆ ಟ್ಯೂಬಿನ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಒಂದೋ, ಎಲ್ಲವೋ?

ಪ್ರೀಆಂಪಿನಲ್ಲಿ ಕೆಟ್ಟದ್ದೊಂದನ್ನೇ ಬದಲಿಸಿ. ‘ಎಲ್ಲ ಒಟ್ಟಿಗೆ ಬದಲಿಸಿಬಿಡಿ’ ಎಂಬ ಸಲಹೆ ಮಾರುವವರಿಗೆ ಲಾಭ, ನಿಮಗಲ್ಲ. ಹತ್ತು ವರ್ಷ ಸದ್ದಿಲ್ಲದೆ ದುಡಿದ ಟ್ಯೂಬನ್ನು ತೆಗೆದು ಹೊಸದು ಹಾಕಿದಾಗ ಹೊಸದೇ ಕಿಣಿಕಿಣಿ ಎಂದದ್ದೂ ಉಂಟು.

ಪವರ್ ಟ್ಯೂಬ್ ಜೋಡಿಯಾಗಿಯೇ ಬದಲಾಗಬೇಕು. ಪುಶ್-ಪುಲ್ ಆಂಪಿನಲ್ಲಿ ಎರಡು ಟ್ಯೂಬ್ ಅಲೆಯ ಎರಡು ಬದಿಗಳನ್ನು ಹಂಚಿಕೊಳ್ಳುತ್ತವೆ. ಒಂದು ಹೊಸದು ಒಂದು ಮುದುಕ ಆದರೆ ಒಂದು ಎಳೆಯುತ್ತದೆ, ಇನ್ನೊಂದು ಬಿಡುತ್ತದೆ, ನಡುವೆ ಹಮ್ ಹುಟ್ಟುತ್ತದೆ. ಅಂಗಡಿಯವರು ‘ಮ್ಯಾಚ್ಡ್ ಪೇರ್’ ಎಂದು ಮಾರುವುದು ಒಂದೇ ವೋಲ್ಟೇಜಿನಲ್ಲಿ ಹತ್ತಿರಹತ್ತಿರ ಕರೆಂಟ್ ಎಳೆಯುವ ಎರಡನ್ನು. ಇದಕ್ಕೆ ಸ್ವಲ್ಪ ಹೆಚ್ಚು ಕೊಡುವುದು ನ್ಯಾಯ. ಆದರೆ ಕಡ್ಡಿ ಗೀರಿದಂಥ ಸಮಾನತೆ ಬೇಕಿಲ್ಲ. ಎರಡರ ನಡುವೆ ಮೂರು ನಾಲ್ಕು ಮಿಲಿಆಂಪಿಯರ್ ವ್ಯತ್ಯಾಸವಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಫೆಂಡರ್ ಕಂಪನಿಯ ಚಾಂಪ್ ಥರದ ಒಂಟಿ ಪವರ್ ಟ್ಯೂಬಿನ ಆಂಪಿಗೆ ಈ ಮಾತೇ ಅನ್ವಯಿಸದು.

ನಾಲ್ಕು ಟ್ಯೂಬಿನ ಆಂಪಿನಲ್ಲಿ ಕಾರ್ಯಕ್ರಮದ ನಡುವೆ ಒಂದು ಸತ್ತರೆ ಒಂದು ಉಪಾಯವಿದೆ. ಪ್ರತಿ ಬದಿಯಿಂದ ಒಂದೊಂದನ್ನು ತೆಗೆದು, ಅಂದರೆ ಸಾಮಾನ್ಯವಾಗಿ ಹೊರಗಿನ ಎರಡನ್ನೋ ಒಳಗಿನ ಎರಡನ್ನೋ ಕಿತ್ತು, ಇಂಪೀಡೆನ್ಸ್ ಸ್ವಿಚ್ಚನ್ನು ಅರ್ಧಕ್ಕೆ ಇಳಿಸಿ: 8 ಓಮ್ ಸ್ಪೀಕರ್ ಇದ್ದರೆ 4ಕ್ಕೆ. ಆ ರಾತ್ರಿ ದಾಟುತ್ತದೆ. ವಾಕ್ಸ್ ಎಸಿ30 ಥರದ, ಬಯಾಸನ್ನು ತಾನೇ ಹೊಂದಿಸಿಕೊಳ್ಳುವ ಕ್ಯಾಥೋಡ್ ಬಯಾಸ್ ಆಂಪಿನಲ್ಲಿ ಮಾತ್ರ ಇದನ್ನು ಮಾಡಬೇಡಿ, ಉಳಿದೆರಡರ ಬಯಾಸ್ ಏರುಪೇರಾಗುತ್ತದೆ.

ಅದೇ ಬಗೆಯೋ, ಬೇರೆ ಬಗೆಯೋ?

ಆಸೆ ಹುಟ್ಟುವುದು ಇಲ್ಲಿ. ‘6ಎಲ್6 ತೆಗೆದು ಇಎಲ್34 ಹಾಕಿದರೆ ಫೆಂಡರ್ ಹೋಗಿ ಮಾರ್ಷಲ್ ಆಗುತ್ತದಂತೆ!’ ಆಗುವುದಿಲ್ಲ. ಸ್ವರದ ಬಹುಪಾಲು ಸರ್ಕ್ಯೂಟು, ಟ್ರಾನ್ಸ್‌ಫಾರ್ಮರು ಮತ್ತು ಸ್ಪೀಕರಿನದು. ಆದರೂ ಪವರ್ ಟ್ಯೂಬ್‌ಗಳಿಗೆ ತಮ್ಮ ತಮ್ಮ ಗುಣ ಇದೆ, ಅದನ್ನು ತಿಳಿದಿರುವುದು ಒಳ್ಳೆಯದು.

6ಎಲ್6 ಹಿರಿಯಣ್ಣ, ಆರ್‌ಸಿಎ ಅದನ್ನು 1936ರಲ್ಲಿ ತಂದಿತು. ಇಂದು ಹಾಕುವ 6ಎಲ್6ಜಿಸಿ 30 ವ್ಯಾಟ್ ಶಾಖ ತಾಳುತ್ತದೆ. ಗಟ್ಟಿ ಕೆಳಸ್ವರ, ಗಂಟೆಯಂಥ ಮೇಲ್ಸ್ವರ, ಬಹಳ ಹೊತ್ತು ಒಡೆಯದೆ ನಿಲ್ಲುವ ಶುದ್ಧ ಸದ್ದು. ಫೆಂಡರ್ ಟ್ವಿನ್ ರಿವರ್ಬ್ ಆಂಪಿನ ನಾಲ್ಕೂ ಪವರ್ ಟ್ಯೂಬ್ ಇವೇ. ಇಎಲ್34 ಮಲ್ಲಾರ್ಡ್ ಕಂಪನಿಯದು, 25 ವ್ಯಾಟಿನದು. ನಡುಸ್ವರ ಮುಂದೆ ನಿಲ್ಲುತ್ತದೆ, ಒತ್ತಿದರೆ ಬೇಗ ಕರಕರ ಒಡೆಯುತ್ತದೆ. ಮಾರ್ಷಲ್ ಜೆಸಿಎಂ800 ಆಂಪ್ ಕೇಳಿದವರಿಗೆ ಹೆಚ್ಚು ಹೇಳಬೇಕಿಲ್ಲ. 6ವಿ6 ಎಂದರೆ 6ಎಲ್6ನ ಮೆದು ಸ್ವಭಾವದ ತಮ್ಮ: 12 ವ್ಯಾಟ್, ಬೇಗ ಬೆವರುತ್ತದೆ, ಆ ಬೆವರೇ ಅದರ ಸೊಗಸು. ಇಎಲ್84 ಕೂಡ 12 ವ್ಯಾಟಿನದೇ, ಒಂಬತ್ತು ಪಿನ್ನಿನ ಸಣ್ಣ ಮೈ, ಚುರುಕು ಮಿಂಚು. ಎಸಿ30ರಲ್ಲಿ ನಾಲ್ಕು ಇಎಲ್84 ಸುಡುಸುಡು ಓಡುತ್ತವೆ, ಹಾಗಾಗಿ ಅಲ್ಲಿ ಅವುಗಳ ಆಯಸ್ಸೂ ಕಡಿಮೆ.

6ಎಲ್6, 6ವಿ6, ಇಎಲ್34 ಮೂರೂ ಒಂದೇ ಸಾಕೆಟ್ಟಿಗೆ ಕೂರುತ್ತವೆ. ಮೋಸ ಹೋಗುವುದು ಅದರಿಂದಲೇ. ಹೀಟರ್ ಲೆಕ್ಕ ನೋಡಿ: 6ವಿ6 ಎಳೆಯುವುದು 0.45 ಆಂಪಿಯರ್, 6ಎಲ್6ಜಿಸಿ 0.9, ಇಎಲ್34 1.5. ಎರಡು 6ವಿ6 ಇದ್ದ ಪುಟ್ಟ ಆಂಪಿಗೆ ಎರಡು ಇಎಲ್34 ಹಾಕಿದರೆ 0.9 ಆಂಪಿಯರಿನ ಜಾಗದಲ್ಲಿ 3 ಆಂಪಿಯರ್ ಬೇಕು. ಪವರ್ ಟ್ರಾನ್ಸ್‌ಫಾರ್ಮರ್ ಕಾದು ಕಾದು ಒಂದು ದಿನ ಹೋಗುತ್ತದೆ. ಇನ್ನೊಂದು ಸೂಕ್ಷ್ಮ ಒಂದನೇ ಪಿನ್ನಿನದು. ಇಎಲ್34ರಲ್ಲಿ ಅಲ್ಲಿ ಸಪ್ರೆಸರ್ ಗ್ರಿಡ್ ಎಂಬ ಒಳಬಲೆ ಇದೆ, ಅದು ಕ್ಯಾಥೋಡಿಗೆ (ಎಲೆಕ್ಟ್ರಾನ್ ಹೊರಡುವ ಭಾಗಕ್ಕೆ) ಅಂಟಿರಬೇಕು. 6ಎಲ್6ಜಿಸಿಯಲ್ಲಿ ಆ ಪಿನ್ನಿಗೆ ಕೆಲಸವಿಲ್ಲ. ಅದಕ್ಕೇ ಎಷ್ಟೋ ಫೆಂಡರ್ ಆಂಪ್‌ಗಳಲ್ಲಿ ಆ ಖಾಲಿ ಪಿನ್ನನ್ನೇ ಗೂಟ ಮಾಡಿಕೊಂಡು 1.5 ಕಿಲೋಓಮ್ ರೆಸಿಸ್ಟರಿನ ಒಂದು ತುದಿಯನ್ನು ಬೆಸೆದಿರುತ್ತಾರೆ. ಅಂಥ ಸಾಕೆಟ್ಟಿಗೆ ಇಎಲ್34 ಕೂರಿಸಿದರೆ ಕ್ಯಾಥೋಡಿಗೆ ಹೋಗಬೇಕಾದ ಕಂಬಿ ಹೋಗುವುದು ಗ್ರಿಡ್ ಸಿಗ್ನಲಿಗೆ.

ನನ್ನ ಮಾತು ಕೇಳುವುದಾದರೆ ಪವರ್ ಟ್ಯೂಬಿನಲ್ಲಿ ಆಂಪ್ ತಯಾರಿಸಿದವರು ಹೇಳಿದ ಬಗೆಯನ್ನೇ ಹಾಕಿ. ಆಟ ಆಡುವ ಆಸೆ ಇದ್ದರೆ ಪ್ರೀಆಂಪಿನಲ್ಲಿ ಆಡಿ. ಅಗ್ಗ, ಅಪಾಯ ಕಡಿಮೆ, ಬಯಾಸ್ ಗೊಡವೆ ಇಲ್ಲ, ವ್ಯತ್ಯಾಸವೂ ಕಿವಿಗೆ ಬೀಳುತ್ತದೆ.

ಪುಟ್ಟ ಟ್ಯೂಬ್‌ಗಳ ಆಟ

1947ರಲ್ಲಿ ಮಾರುಕಟ್ಟೆಗೆ ಬಂದ 12ಎಎಕ್ಸ್7ನ ವರ್ಧನಾಂಕ, ಅಂದರೆ ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸಬಲ್ಲದು ಎಂಬ ಅಳತೆ, 100. ಯುರೋಪಿನ ಹೆಸರು ಇಸಿಸಿ83. ಇ ಎಂದರೆ 6.3 ವೋಲ್ಟ್ ಹೀಟರ್, ಒಂದೊಂದು ಸಿಗೂ ಒಂದೊಂದು ಟ್ರಯೋಡ್, ಅಂದರೆ ಟ್ಯೂಬಿನೊಳಗಿನ ಒಂದೊಂದು ವರ್ಧಕ. ಡಬ್ಬಿಯ ಮೇಲೆ ಎರಡರಲ್ಲಿ ಯಾವ ಹೆಸರಿದ್ದರೂ ಟ್ಯೂಬ್ ಒಂದೇ. 5751ರ ವರ್ಧನಾಂಕ ಸುಮಾರು 70, 12ಎಟಿ7ನದು 60, 12ಎವೈ7ನದು 45ರ ಆಸುಪಾಸು, 12ಎಯು7ನದು 20ಕ್ಕಿಂತ ಕೆಳಗೆ.

ನಿಮ್ಮ ಆಂಪ್ ಎರಡರಲ್ಲೇ ಒಡೆಯತೊಡಗುತ್ತದೆ, ಶುದ್ಧ ಸದ್ದು ಸಿಗುತ್ತಿಲ್ಲ ಎಂದಾದರೆ ಮೊದಲ ಜಾಗಕ್ಕೆ 5751 ಹಾಕಿ ನೋಡಿ. 100 ಇದ್ದದ್ದು 70 ಆಯಿತು ಎಂದರೆ ಸದ್ದು ಮೂರನೇ ಒಂದು ಭಾಗ ಇಳಿಯುತ್ತದೆ ಎಂದಲ್ಲ; ಕಿವಿಯ ಲೆಕ್ಕದಲ್ಲಿ ಅದು ಸುಮಾರು 3 ಡೆಸಿಬೆಲ್. ವಾಲ್ಯೂಮ್ ಗುಂಡಿಗೆ ಓಡಾಡಲು ಜಾಗ ಸಿಗುತ್ತದೆ, ಅಷ್ಟೆ, ಆದರೆ ಆ ಅಷ್ಟೇ ಎಷ್ಟೋ ಸಲ ಸಾಕು. ಇನ್ನೂ ಇಳಿಸಬೇಕೆಂದರೆ 12ಎವೈ7. ಇದು ಪರಕೀಯ ಪ್ರಯೋಗವೂ ಅಲ್ಲ: 1950ರ ದಶಕದ ಫೆಂಡರ್ ಬಾಸ್‌ಮ್ಯಾನ್ 5ಎಫ್6-ಎ ಮಾದರಿಯ ಮೊದಲ ಜಾಗದಲ್ಲಿ ಇದ್ದದ್ದೇ 12ಎವೈ7. ಅದೇ ಸರ್ಕ್ಯೂಟನ್ನು ಅನುಸರಿಸಿ ಮಾರ್ಷಲ್ ಜೆಟಿಎಂ45 ಮಾಡಿದಾಗ ಅಲ್ಲಿಗೆ ಇಸಿಸಿ83 ಬಂತು, ಗೇನ್ ಏರಿತು. ಹೆಸರಾದ ಎರಡು ಆಂಪ್‌ಗಳ ನಡುವಿನ ದೂರದಲ್ಲಿ ಒಂದು ಪುಟ್ಟ ಟ್ಯೂಬಿನ ಪಾಲೂ ಇದೆ.

12ಎಟಿ7 ಬಗ್ಗೆ ಎಚ್ಚರ. ಅದಕ್ಕೆ ಹೆಚ್ಚು ಕರೆಂಟ್ ಬೇಕು. 12ಎಎಕ್ಸ್7ಗೆಂದು ಮಾಡಿದ ಜಾಗದಲ್ಲಿ ಕೆಟ್ಟುಹೋಗದಿದ್ದರೂ ಸೊರಗಿದಂತೆ ಕೇಳಿಸಬಹುದು. ತಿರುಗುಮುರುಗಾಗಿಯೂ ಹಾಗೇ. ಫೆಂಡರ್ ಡಿಲಕ್ಸ್ ರಿವರ್ಬ್ ಆಂಪಿನಲ್ಲಿ ರಿವರ್ಬ್ (ಪ್ರತಿಧ್ವನಿ) ತಂತಿಸುರುಳಿಯನ್ನು ಓಡಿಸುವುದು 12ಎಟಿ7; ಅಲ್ಲಿಗೆ 12ಎಎಕ್ಸ್7 ಹಾಕಿದರೆ ಬೇಕಾದ ಕರೆಂಟ್ ಅದು ಕೊಡದು. ಪವರ್ ಟ್ಯೂಬ್‌ಗಳ ಪಕ್ಕದ ಪುಟ್ಟ ಟ್ಯೂಬ್ ಫೇಸ್ ಇನ್ವರ್ಟರ್, ಸಿಗ್ನಲನ್ನು ಎರಡಾಗಿಸಿ ಪವರ್ ಟ್ಯೂಬಿನ ಎರಡೂ ಬದಿಗೆ ಕೊಡುವುದು. ಎರಡೂ ಟ್ರಯೋಡ್ ಸಮನಾಗಿರುವ ‘ಬ್ಯಾಲೆನ್ಸ್ಡ್’ ಟ್ಯೂಬ್ ಎಂದು ಹೆಚ್ಚು ಬೆಲೆಗೆ ಸಿಗುವುದು ಅಲ್ಲಿಗಾಗಿ. ನಾನು ಆ ದುಡ್ಡನ್ನು ಮೊದಲ ಜಾಗಕ್ಕೆ ಹಾಕುತ್ತೇನೆ, ಸುಯ್ ಸದ್ದು ಕಡಿಮೆ ಎಂದು ಪರೀಕ್ಷಿಸಿ ಕೊಟ್ಟ ಟ್ಯೂಬಿಗೆ. ಸ್ಪೀಕರ್ ಜೊತೆಗೇ ಇರುವ ಕಾಂಬೋ ಆಂಪ್ ಆದರೆ ಉದ್ದ ಪ್ಲೇಟಿನ 12ಎಎಕ್ಸ್7 ಬಿಟ್ಟು ಗಿಡ್ಡ ಪ್ಲೇಟಿನದು ಆರಿಸಿ, ಅದುರಾಟಕ್ಕೆ ಅದು ಕಡಿಮೆ ಕೂಗುತ್ತದೆ.

ಬಯಾಸ್ ಎಂಬ ಗುಮ್ಮ

ಪವರ್ ಟ್ಯೂಬ್ ಕೊಳ್ಳುವ ಮುಂಚೆ ನಿಮ್ಮ ಆಂಪಿನ ಬಯಾಸ್ ಯಾವ ಬಗೆ ಎಂದು ತಿಳಿಯಲೇಬೇಕು. ಕ್ಯಾಥೋಡ್ ಬಯಾಸ್ ಆದರೆ ಆಂಪ್ ತಾನೇ ಸರಿಮಾಡಿಕೊಳ್ಳುತ್ತದೆ. ಹೊಂದಿಸಿದ ಜೋಡಿ ಕೊಂಡು ಕೂರಿಸಿದರೆ ಮುಗಿಯಿತು. ಫಿಕ್ಸ್ಡ್ ಬಯಾಸ್ ಎಂಬ ಹೆಸರು ದಾರಿ ತಪ್ಪಿಸುತ್ತದೆ, ಏಕೆಂದರೆ ತಿರುಪು ಹಾಕಿ ಬದಲಿಸಬೇಕಾದದ್ದು ಅದನ್ನೇ. ಮೂರನೆಯ ಬಗೆಯಲ್ಲಿ ತಿರುಪೂ ಇರುವುದಿಲ್ಲ. ಮೆಸಾ ಬೂಗಿ ಆಂಪ್‌ಗಳು ಬಹುತೇಕ ಹೀಗೆ. ಕಂಪನಿ ತನ್ನ ಆಂಪಿಗೆ ಒಗ್ಗುವ ಟ್ಯೂಬ್‌ಗಳನ್ನೇ ಆಯ್ದು, ಬಣ್ಣದ ಗುರುತು ಹಾಕಿ ಮಾರುತ್ತದೆ. ಅಂಥದ್ದರಲ್ಲಿ ಹಳೆಯ ಟ್ಯೂಬಿನ ಮೇಲಿನ ಬಣ್ಣ ನೋಡಿ ಅದನ್ನೇ ಕೇಳಿ ತರಿಸಿ.

ತಿರುಪು ಇರುವ ಆಂಪಿನ ಲೆಕ್ಕ ಕಷ್ಟದ್ದಲ್ಲ. ಇಎಲ್34 ಇರುವ ಆಂಪ್, ಪ್ಲೇಟಿನಲ್ಲಿ ಅಳೆದಾಗ 450 ವೋಲ್ಟ್ ಎಂದುಕೊಳ್ಳಿ. ಟ್ಯೂಬ್ ತಾಳುವುದು 25 ವ್ಯಾಟ್. ಸುಮ್ಮನಿರುವಾಗ ಅದರ ಶೇ 70 ಮೀರಬಾರದು ಎಂಬುದು ರೂಢಿ. ಅಂದರೆ 17.5 ವ್ಯಾಟ್. ಅದನ್ನು 450ರಿಂದ ಭಾಗಿಸಿದರೆ ಸುಮಾರು 39 ಮಿಲಿಆಂಪಿಯರ್. ಕ್ಯಾಥೋಡಿಗೂ ನೆಲಕ್ಕೂ ನಡುವೆ 1 ಓಮ್ ರೆಸಿಸ್ಟರ್ ಇದ್ದರೆ ಮೀಟರಿನಲ್ಲಿ ಕಾಣುವ ಒಂದೊಂದು ಮಿಲಿವೋಲ್ಟೂ ಒಂದೊಂದು ಮಿಲಿಆಂಪಿಯರ್, ಹಾಗಾಗಿ ಓದುವುದೂ ಸುಲಭ. ಈ ಓದಿನಲ್ಲಿ ಸ್ಕ್ರೀನ್ ಎಂಬ ಇನ್ನೊಂದು ಒಳಬಲೆಯ ಕರೆಂಟೂ ಸೇರಿರುತ್ತದೆ, ಅದನ್ನು ಕಳೆದರೆ ಪ್ಲೇಟಿನದು ಇನ್ನೂ ತುಸು ಕಡಿಮೆ.

39ಕ್ಕೇ ಮುಟ್ಟಿಸಬೇಕೆಂಬ ಹಟ ಬೇಡ. ಅದು ಮೇಲಿನ ಗಡಿ, ಗುರಿಯಲ್ಲ. ನಾನು 32ರಿಂದ ಶುರುಮಾಡಿ, ಹತ್ತು ನಿಮಿಷ ಕಾಯಲು ಬಿಟ್ಟು, ನುಡಿಸಿ ಕೇಳಿ, ಬೇಕೆನಿಸಿದರೆ ಎರಡೆರಡೇ ಏರಿಸುತ್ತೇನೆ. ತೀರ ಕಡಿಮೆಯಾದರೆ ಸ್ವರ ಒಣಗಿದಂತೆ, ಬಾಲದಲ್ಲಿ ಒರಟಾಗಿ ಕೇಳಿಸುತ್ತದೆ. 35 ದಾಟಿದ ಮೇಲೆ ನನ್ನ ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಟ್ಯೂಬಿಗೆ ಮಾತ್ರ ತಿಳಿಯುತ್ತದೆ. ಕರೆಂಟ್ ಬದಲಿಸಿದಾಗ ಪ್ಲೇಟ್ ವೋಲ್ಟೇಜೂ ಜರುಗುವುದರಿಂದ ಎರಡನ್ನೂ ಮತ್ತೊಮ್ಮೆ ಅಳೆಯಿರಿ.

ಡಬ್ಬಿಯ ಮೇಲಿನ ಹೆಸರು

ಅಂಗಡಿಯ ಪಟ್ಟಿಯಲ್ಲಿ ಹತ್ತಾರು ಬ್ರಾಂಡು. ಕಾರ್ಖಾನೆಗಳು ಮಾತ್ರ ಬೆರಳೆಣಿಕೆ. ಸೋವ್‌ಟೆಕ್, ಎಲೆಕ್ಟ್ರೋ-ಹಾರ್ಮೋನಿಕ್ಸ್, ಟಂಗ್-ಸೋಲ್, ಈಗಿನ ಮಲ್ಲಾರ್ಡ್, ಜೆನಲೆಕ್ಸ್ ಗೋಲ್ಡ್ ಲಯನ್ ಇವೆಲ್ಲ ಮೈಕ್ ಮ್ಯಾಥ್ಯೂಸ್ ಅವರ ನ್ಯೂ ಸೆನ್ಸರ್ ಕಂಪನಿಯ ಹೆಸರುಗಳು, ತಯಾರಾಗುವುದು ರಷ್ಯಾದ ಸರಾಟೊವ್‌ನಲ್ಲಿ. ಈಗಿನ ಮಲ್ಲಾರ್ಡಿಗೂ ಹಳೆಯ ಬ್ರಿಟಿಷ್ ಮಲ್ಲಾರ್ಡಿಗೂ ಇರುವ ನಂಟು ಹೆಸರಿನದು ಮಾತ್ರ. ಜೆಜೆ ಸ್ಲೊವಾಕಿಯಾದ್ದು. ಚೀನಾದಿಂದ ಪ್ಸ್‌ವೇನ್. 2022ರ ಮಾರ್ಚ್‌ನಲ್ಲಿ ರಷ್ಯಾದ ರಫ್ತು ನಿರ್ಬಂಧದಿಂದ ಸರಾಟೊವ್ ಮಾಲು ಕೆಲಕಾಲ ನಿಂತಾಗ, ಇಷ್ಟು ಬ್ರಾಂಡುಗಳು ಒಂದೇ ಬಾಗಿಲಿನಿಂದ ಬರುತ್ತಿದ್ದವೇ ಎಂದು ಅನೇಕರು ಕಣ್ಣರಳಿಸಿದರು.

ಒಂದೇ ಕಾರ್ಖಾನೆ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಟ್ಯೂಬ್ ಅಲ್ಲ. ಒಳಗಿನ ರಚನೆ ಬೇರೆಬೇರೆ ಇರುತ್ತದೆ. ಆದರೆ ಒಂದೇ ಬ್ರಾಂಡಿನ ಎರಡು ಬಿಡಿ ಟ್ಯೂಬ್‌ಗಳ ನಡುವಿನ ವ್ಯತ್ಯಾಸ, ಎರಡು ಬ್ರಾಂಡುಗಳ ನಡುವಿನದಕ್ಕಿಂತ ದೊಡ್ಡದಿರಬಹುದು. ಹಾಗಾಗಿ ಬ್ರಾಂಡಿಗಿಂತ ಮಾರುವವರನ್ನು ಆರಿಸುವುದು ಮೇಲು: ಪರೀಕ್ಷಿಸಿ, ಅಳತೆ ಬರೆದು ಕೊಡುವವರು, ಕೆಲವು ತಿಂಗಳೊಳಗೆ ಕೆಟ್ಟರೆ ಮರುಮಾತಿಲ್ಲದೆ ಬದಲಿಸುವವರು.

ಹಳೆಯ ಕಾಲದಲ್ಲಿ ತಯಾರಾಗಿ ಬಳಕೆಯಾಗದೆ ಉಳಿದ ‘ನ್ಯೂ ಓಲ್ಡ್ ಸ್ಟಾಕ್’ ಟ್ಯೂಬ್‌ಗಳ ಮೋಹ ಬೇರೆಯದೇ. ಒಳ್ಳೆಯವು ನಿಜಕ್ಕೂ ಒಳ್ಳೆಯವು. ಆದರೆ ಹಾಗೆಂದು ಮಾರುವುದರಲ್ಲಿ ಬಳಸಿದವು, ಹೆಸರು ಅಳಿಸಿ ಬೇರೆ ಹೆಸರು ಅಚ್ಚೊತ್ತಿದವು ಬೇಕಾದಷ್ಟು. ಕೊಳ್ಳಲೇಬೇಕೆಂದರೆ ಮೊದಲ ಜಾಗದ ಒಂದು 12ಎಎಕ್ಸ್7 ಕೊಳ್ಳಿ. ಅದು ಬಹುಕಾಲ ಬಾಳುತ್ತದೆ, ಸದ್ದಿನ ಮೇಲೆ ಅದರ ಹಿಡಿತವೂ ಹೆಚ್ಚು. ಪವರ್ ಟ್ಯೂಬಿಗೆ ಆ ಬೆಲೆ ಕೊಟ್ಟು ಎರಡು ವರ್ಷದಲ್ಲಿ ಸುಟ್ಟು ಹಾಕುವುದು ನನ್ನಿಂದಾಗದು.

ರೆಕ್ಟಿಫೈಯರ್ ಟ್ಯೂಬ್ ಇದ್ದರೆ ಅದಲುಬದಲು ಬೇಡ. ಜಿಝಡ್34 ಇಳಿಸುವ ವೋಲ್ಟೇಜ್ ಕಡಿಮೆ, 5ವೈ3 ಇಳಿಸುವುದು ಬಹಳ. 5ವೈ3 ಜಾಗಕ್ಕೆ ಜಿಝಡ್34 ಹಾಕಿದರೆ ಇಡೀ ಆಂಪಿನ ವೋಲ್ಟೇಜ್ ಏರಿ ಪವರ್ ಟ್ಯೂಬ್ ಬೇಯುತ್ತದೆ. 5ಯು4 ಹೀಟರಿಗೆ 3 ಆಂಪಿಯರ್ ಬೇಕು, 5ವೈ3ಗೆ 2 ಸಾಕು, ಅಲ್ಲೂ ಟ್ರಾನ್ಸ್‌ಫಾರ್ಮರಿಗೆ ಪೆಟ್ಟು. ಆಂಪ್ ಆನ್ ಮಾಡಿದ ಕೂಡಲೇ ಫ್ಯೂಸ್ ಹಾರುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಈ ಟ್ಯೂಬನ್ನೇ.

ಹೊಸ ಜೋಡಿ ಕೂರಿಸಿದ ಸಂಜೆ ಮೊದಲ ಅರ್ಧ ಗಂಟೆ ಆಂಪಿನ ಹಿಂದೆಯೇ ಕೂತಿರಿ. ಪ್ಲೇಟಿನ ಮೇಲೆ ಕೆಂಪು ಛಾಯೆ ಮೂಡುತ್ತದೆಯೇ ನೋಡಿ, ಹಮ್ ಏರುತ್ತದೆಯೇ ಕೇಳಿ, ಬಯಾಸನ್ನು ಇನ್ನೊಮ್ಮೆ ಅಳೆಯಿರಿ. ತೆಗೆದ ಹಳೆಯ ಜೋಡಿ ಇನ್ನೂ ಸದ್ದು ಕೊಡುತ್ತಿದ್ದರೆ ಹೊಸದರ ಡಬ್ಬಿಗೇ ತುಂಬಿ, ಆಗಿನ ಮಿಲಿಆಂಪಿಯರ್ ಮತ್ತು ತಾರೀಕು ಮೇಲೆ ಬರೆದಿಡಿ. ಬರೆಯಲು ಆ ಪೆನ್ಸಿಲ್ ಹೇಗೂ ಕೈಯಲ್ಲೇ ಇರುತ್ತದೆ.